ಮಾವಶಿ ಹೇಳಿದ ವಿಚಾರ

ಮನಸ್ಸನ್ನು ಶಾಂತವಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಖಾನಾಪುರದ ಮಾವಶಿ ನೆನಪಾಗುತ್ತಾರೆ, ಅದರ ಹಿಂದೆಯೇ ತಲೆ ಕೆಡುತ್ತದೆ. ಅವರಷ್ಟು ಸಮಾಧಾನದ ಹೆಂಗಸನ್ನು ನಾನು ನೋಡಿಲ್ಲ ಎಂದು ಎಷ್ಟೋ ಕಾಲ ಹೇಳಿಕೊಂಡು ತಿರುಗಿದ್ದೇನೆ. ಅವರು ನನಗೆ ಕೊಟ್ಟ ಬುದ್ಧಿವಾದ ಒಂದೇ ಒಂದು ಶಬ್ದದ್ದು. ಆ ಶಬ್ದಕ್ಕೆ ನಾನು ತಿಳಿದುಕೊಂಡದ್ದೇ ಅರ್ಥವೋ, ಬೇರೆ ಅರ್ಥವೋ ಎಂಬುದು ಅವರು ಇದ್ದಾಗ ನನಗೆ ಹೊಳೆಯಲಿಲ್ಲ. ಹೊಳೆದಾಗ ಅವರಿರಲಿಲ್ಲ.

ಅವರ ಹೆಸರು ಬರೆಯಬಾರದೆಂದು ಬಿಟ್ಟಿಲ್ಲ. ನನಗೆ ಗೊತ್ತೇ ಇಲ್ಲ. ಓಣಿಯ ಮರಾಠಿಯವರಿಗೂ ಕನ್ನಡದವರಿಗೂ ಅವರು ಮಾವಶಿ, ಅಂದರೆ ಚಿಕ್ಕಮ್ಮ. ಹಾಲು ಹಾಕುವವನಿಗೂ ಮಾವಶಿ, ಅವನ ಅಪ್ಪನಿಗೂ ಮಾವಶಿ. ನನಗಂತೂ ಮೊದಲು ಮನೆಯ ಮಾಲಕಿ, ಆಮೇಲೆ ಮಾವಶಿ.

ಇದು ಇಪ್ಪತ್ತರ ದಶಕದ ಮಾತು. ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ನನ್ನನ್ನು ಖಾನಾಪುರದ ಕನ್ನಡ ಶಾಲೆಗೆ ಮಾಸ್ತರನಾಗಿ ಹಾಕಿದಾಗ ಗೆಳೆಯರೆಲ್ಲ ಮುಖ ಸಣ್ಣದು ಮಾಡಿದರು. ರೈಲಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವುದರೊಳಗೆ ಬರುವ ಊರೇ ಅದು. ಆದರೆ ಅಲ್ಲಿಂದ ಮುಂದೆ ಕಾಡು, ಕಾಡಿನ ಜೊತೆ ಸೊಳ್ಳೆ, ಸೊಳ್ಳೆಯ ಜೊತೆ ಚಳಿಜ್ವರ. ಮಲಪ್ರಭೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಕೆಂಪು ಹೆಂಚಿನ ಮನೆ ಸಿಕ್ಕಿತು. ಮುಂದಿನ ಭಾಗದಲ್ಲಿ ಮಾವಶಿ, ಹಿಂದಿನ ಎರಡು ಕೋಣೆಗಳಲ್ಲಿ ನಾನು, ನಡುವೆ ಅಂಗಳ, ಅಂಗಳದಲ್ಲಿ ಬಾವಿ.

ಮಾವಶಿ ಗಿಡ್ಡ ಆಳು, ಗಟ್ಟಿ ಕೈ. ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು, ಹಣೆಗೆ ಅಗಲವಾದ ಕುಂಕುಮ ಇಟ್ಟು, ಬೆಳಕು ಹರಿಯುವ ಹೊತ್ತಿಗೆ ಅಂಗಳ ಸಾರಿಸಿ ಮುಗಿಸಿರುತ್ತಿದ್ದರು. ಗಂಡ ಮುಂಬಯಿಯ ಗಿರಣಿಗೆ ಹೋದವರು ಎಂದು ಓಣಿಯಲ್ಲಿ ಹೇಳುತ್ತಿದ್ದರು. ಯಾವಾಗ ಹೋದರು, ಯಾವಾಗ ಬರುತ್ತಾರೆ ಎಂದು ಯಾರೂ ಮುಂದುವರಿಸುತ್ತಿರಲಿಲ್ಲ. ಮಾವಶಿಯೂ ಆ ಮಾತು ಎತ್ತುತ್ತಿರಲಿಲ್ಲ. ಏನಾದರೂ ಕೆಟ್ಟ ಸುದ್ದಿ ಬಂದರೆ ಅವರು ಕೂತಲ್ಲಿಯೇ ಅಂಗೈಯಿಂದ ನೆಲವನ್ನು ಮೆಲ್ಲಗೆ ಸವರುತ್ತಿದ್ದರು, ಅಲ್ಲಿ ಕಾಳು ಚೆಲ್ಲಿದೆಯೋ ಎನ್ನುವಂತೆ. ಸುದ್ದಿ ಮುಗಿಯುವವರೆಗೆ ಸವರಿ, ಕೈ ಝಾಡಿಸಿ, ಎದ್ದು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ನನಗೆ ಮರಾಠಿ ಬರುತ್ತಿರಲಿಲ್ಲ ಎಂದು ತಿಳಿಯಬೇಡಿ. ಬೆಳಗಾವಿಯವನಿಗೆ ಮರಾಠಿ ಬರದಿದ್ದರೆ ಪೇಟೆಯಲ್ಲಿ ಮೆಣಸಿನಕಾಯಿಯೂ ಸಿಗುವುದಿಲ್ಲ. ಮಾವಶಿ ನನ್ನ ಜೊತೆ ಮರಾಠಿಯಲ್ಲೇ ಮಾತಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕನ್ನಡ ಶಾಲೆಯ ಮಾಸ್ತರ ತಮ್ಮ ಮನೆಗೆ ಬಂದಿದ್ದಾನೆ, ಅವನ ಜೊತೆ ಕನ್ನಡದಲ್ಲೇ ಮಾತಾಡಬೇಕು ಎಂದು ಅವರು ಹಟ ಹಿಡಿದಿದ್ದರು. ಪ್ರೀತಿಯ ಹಟ. ಸಂತೆಯಲ್ಲಿ ಕಲಿತ ಕನ್ನಡ ಅದು. ಕ್ರಿಯಾಪದ ಬಂತೆಂದರೆ ಅವರಿಗೆ ತೊಡಕು, ಆದ್ದರಿಂದ ಸಾಧ್ಯವಾದಲ್ಲೆಲ್ಲ ಅದನ್ನು ಬಿಟ್ಟೇ ಬಿಡುತ್ತಿದ್ದರು. ‘ಝಳಕ್’ ಎಂದರೆ ಸ್ನಾನ ಮಾಡು. ‘ನಿದ್ದಿ’ ಎಂದರೆ ಹೋಗಿ ಮಲಗು. ‘ಛತ್ರಿ’ ಎಂದರೆ ಮೋಡ ಆಗಿದೆ, ತೆಗೆದುಕೊಂಡು ಹೋಗು. ಉಳಿದದ್ದನ್ನು ನಾವೇ ತುಂಬಿಕೊಳ್ಳಬೇಕು. ಕೆಲವು ದಿನಗಳಲ್ಲಿ ಅದೂ ರೂಢಿಯಾಗಿ ಹೋಯಿತು.

ನಾನು ಆ ಮನೆಗೆ ಬಂದ ಮರುದಿನ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಬಾಗಿಲ ಹೊರಗೆ ಮಾವಶಿಯ ದನಿ: ‘ಊಠ್, ಮಾಸ್ತರ, ಊಠ್.’ ಇಷ್ಟು ಬೇಗ ಊಟವೇ ಎಂದು ನನಗೆ ಆಶ್ಚರ್ಯ. ಖಾನಾಪುರದ ಪದ್ಧತಿ ಹೀಗೇ ಇರಬಹುದು ಎಂದುಕೊಂಡು ಕೈಕಾಲು ತೊಳೆದು ಅವರ ಪಡಸಾಲೆಗೆ ಹೋಗಿ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತೆ. ಅವರು ಕಸಬರಿಗೆ ಹಿಡಿದುಕೊಂಡು ಒಳಗೆ ಬಂದರು.

‘ಯಾಕ ಕುಂತಿ?’

‘ಊಟ ಅಂದ್ರೆಲ್ರಿ.’

ಅವರು ಕಸಬರಿಗೆಯನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಅಂದದ್ದು ಮರಾಠಿಯ ಊಠ್, ಏಳು ಎಂದು. ನಾಲ್ಕು ಜನ ಸೇದಿ ಬಾವಿಯ ನೀರು ಕೆಂಪಾಗುವ ಮೊದಲು ಮಾಸ್ತರ ಸೇದಿಕೊಳ್ಳಲಿ ಎಂದು ಎಬ್ಬಿಸಿದ್ದರು. ನಕ್ಕು ಸಾಕಾದ ಮೇಲೆ ಒಳಗೆ ಹೋಗಿ ಬಿಸಿ ಭಕ್ಕರಿ, ಮೇಲೆ ಬೆಣ್ಣೆ ಇಟ್ಟು ತಂದು ಕೊಟ್ಟರು. ಬಂದು ಕೂತವನನ್ನು ಹಾಗೇ ಎಬ್ಬಿಸಬಾರದಂತೆ. ಎರಡು ಭಾಷೆಗಳ ನಡುವೆ ಬಿದ್ದದ್ದಕ್ಕೆ ನನಗೆ ಸಿಕ್ಕ ಲಾಭ ಅದೊಂದೇ ಎಂದು ಕಾಣುತ್ತದೆ.

ಎದುರು ಮನೆಯ ನೀಲವ್ವ, ಚಕ್ಕಡಿ ಹೊಡೆಯುವವನ ಹೆಂಡತಿ, ಒಂದು ಬೆಳಿಗ್ಗೆ ನಡುಗುತ್ತ ಬಂದಳು. ಅವಳ ಹೊಸ್ತಿಲ ಮೇಲೆ ನಿಂಬೆಹಣ್ಣು ಇತ್ತಂತೆ. ಯಾರೋ ಮಾಟ ಮಾಡಿಸಿದ್ದಾರೆ, ನಾದಿನಿಯೇ ಇರಬೇಕು, ಹೋದ ವಾರ ಎತ್ತು ಕುಂಟಿದ್ದೂ ಇದರಿಂದಲೇ, ಇನ್ನು ಮನೆ ಉದ್ಧಾರವಾಗುವುದಿಲ್ಲ ಎಂದು ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದಳು. ಮಾವಶಿ ನೆಲ ಸವರುತ್ತ ಕೇಳಿದರು. ಆಮೇಲೆ ಎದ್ದು ಹೋಗಿ ಆ ನಿಂಬೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಓಣಿಯ ಪ್ರತಿ ಬಾಗಿಲಿಗೂ ಹೋದರು. ‘ಇದು ಯಾರದ?’ ನೀಲವ್ವ ಮುಖ ಮುಚ್ಚಿಕೊಂಡು ಕೂತಿದ್ದಳು. ತುದಿಯ ಮನೆಯ ಗಾಣಿಗರ ಮುದುಕಿ, ‘ನಂದವಾ, ಬುಟ್ಟಿ ತೂತಾಗೇತಿ, ಇನ್ನೊಂದು ಸಿಕ್ಕೇತೇನು?’ ಎಂದಳು. ಎತ್ತಿನ ಕಾಲು ಮುಳ್ಳು ತೆಗೆದ ಮೇಲೆ ನೆಟ್ಟಗಾಯಿತು.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿಯೂ ನನಗೆ ಏನೂ ತಿಳಿಯಲಿಲ್ಲ. ಮಾವಶಿಗೆ ಮಾಟದ ಹೆದರಿಕೆ ಇಲ್ಲ, ಧೈರ್ಯಸ್ಥೆ ಎಂದಷ್ಟೇ ತಿಳಿದೆ.

ಒಮ್ಮೆ ಕೇಳಿಯೂ ಬಿಟ್ಟೆ. ‘ಮಾವಶಿ, ನಿಮಗ ಕೆಟ್ಟ ಕೆಟ್ಟ ಯೋಚನಿ ಬರೂದೇ ಇಲ್ಲೇನ್ರಿ?’

ಅವರು ಸಗಣಿ ಕಲಸುತ್ತಿದ್ದರು. ‘ಮನಿ ಸಾರಸೂದ ಮುಗಿವಲ್ದು. ಮನ ಯಾವಾಗ ನೋಡಲಿ?’ ಎಂದರು. ಎಂಥ ಮಾತು ಎಂದು ನಾನು ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ಹೇಳಿದೆ. ಅವರೂ ತಲೆದೂಗಿದರು. ಆದರೆ ಅದೇ ವಾರ ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟು ಮನೆಗೆ ಬಂದಾಗ ಮಾವಶಿ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಜಪ ಮಾಡುವವರು ನಡುನಡುವೆ ಕೈ ಮುಂದೆ ಚಾಚಿ ಜಗಳಕ್ಕೆ ನಿಂತವರಂತೆ ತಿರುವುತ್ತಾರೆಯೇ? ನನ್ನ ಹೆಜ್ಜೆಯ ಸದ್ದಿಗೆ ತಿರುಗಿ, ‘ಚಹಾ?’ ಎಂದರು. ಅದು ಕುಡಿ ಎಂದೋ, ಮಾಡಲೇ ಎಂದೋ, ಅದೂ ಗೊತ್ತಾಗಲಿಲ್ಲ. ಕುಡಿದೆ.

ನನ್ನ ಹೆಂಡತಿ ಶಹಾಪುರದವಳು, ನೇಕಾರರ ಮನೆಯ ಮಗಳು. ಮದುವೆಯಾಗಿ ವರ್ಷವಾಗಿತ್ತು. ನಾನು ಮನೆ ಹಿಡಿದ ಕೆಲವು ತಿಂಗಳಿಗೆ ಅವಳನ್ನು ಕರೆತಂದೆ. ಮಾವಶಿಗೂ ಅವಳಿಗೂ ಬಹಳ ಹೊಂದಿಕೆಯಾಯಿತು. ಇಬ್ಬರೂ ಬಾವಿಯ ಕಟ್ಟೆಯ ಮೇಲೆ ಕೂತು ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿದು, ಉಳಿದರ್ಧಕ್ಕೆ ನಗುತ್ತಿದ್ದರು. ನನ್ನ ಜೊತೆ ಅವಳು ಅಷ್ಟು ನಗುತ್ತಿರಲಿಲ್ಲ. ನನಗೂ ಅವಳ ಜೊತೆ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಶಾಲೆಯ ಸುದ್ದಿ ಹೇಳುತ್ತಿದ್ದೆ. ಅವಳು ಹೂಂ ಅನ್ನುತ್ತಿದ್ದಳು. ಆದರೂ ಸಂಜೆ ಓಣಿಯ ತಿರುವಿನಲ್ಲಿ ನನ್ನ ಬಾಗಿಲು ಕಂಡರೆ ನನಗೆ ಸಂತೋಷವಾಗುತ್ತಿತ್ತು.

ಮಳೆಗಾಲ ಹಿಂದಾಗುವ ಹೊತ್ತಿಗೆ ಅವಳಿಗೆ ಚಳಿಜ್ವರ ಹಿಡಿಯಿತು. ಅಂಚೆ ಕಚೇರಿಯಲ್ಲಿ ಕ್ವಿನೈನ್ ಪುಡಿ ಮಾರುತ್ತಿದ್ದರು. ಅದನ್ನು ಬೆಲ್ಲದಲ್ಲಿ ಮುಚ್ಚಿ ಮಾವಶಿಯೇ ನುಂಗಿಸುತ್ತಿದ್ದರು. ಜ್ವರ ತಲೆಗೆ ಏರಿದ ಒಂದು ಸಂಜೆ ನಾನು ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಮಾವಶಿ ಆಚೆ ತಮ್ಮ ಒಲೆಯ ಮೇಲೆ ಕಷಾಯ ಕಾಸುತ್ತಿದ್ದರು. ಅವಳು ಕಣ್ಣು ತೆರೆದು ನನ್ನನ್ನೇ ನೋಡುತ್ತ ಅಂದಳು: ‘ನನ್ನ ಇಲ್ಲಿಂದ ಕಳಸ್ರಿ. ಇಲ್ಲಿ ನನಗ ಯಾರೂ ಇಲ್ಲ.’

ಕೈ ನನ್ನ ಕೈಯಲ್ಲೇ ಇತ್ತು. ನನಗೆ ಎಷ್ಟು ನೋವಾಯಿತೆಂದರೆ ಆ ಮಾತನ್ನು ಯಾರಿಗೂ ಹೇಳಲಿಲ್ಲ, ಮಾವಶಿಗೂ ಹೇಳಲಿಲ್ಲ. ಜ್ವರ ಸ್ವಲ್ಪ ಇಳಿದ ಮೇಲೆ ಅವಳ ಅಣ್ಣ ಬಂದು ರೈಲಿನಲ್ಲಿ ಶಹಾಪುರಕ್ಕೆ ಕರೆದುಕೊಂಡು ಹೋದ.

ಅವಳು ಗುಣವಾದಳು. ತಿರುಗಿ ಬರಲಿಲ್ಲ. ತವರಿಗೆ ಹೋದ ಹೆಂಡತಿಯನ್ನು ಕರೆತರಲು ಗಂಡನ ಕಡೆಯ ಹಿರಿಯರು ಹೋಗುವುದು ನಮ್ಮಲ್ಲಿ ರೀತಿ. ನನಗೆ ತಂದೆತಾಯಿ ಇರಲಿಲ್ಲ, ಸಾಕಿದ ಕಾಕಾ ಕೂಡ ತೀರಿಕೊಂಡಿದ್ದ. ಹಿರಿಯರು ಬರಲಿ ಎಂದು ಅವರು ಕಾಯುತ್ತಿದ್ದರೋ, ಕಳಿಸುವ ಮನಸ್ಸೇ ಇರಲಿಲ್ಲವೋ. ಮಾವನವರಿಗೆ ಪತ್ರ ಬರೆದರೆ ಎಲ್ಲರೂ ಕ್ಷೇಮ ಎಂಬ ಉತ್ತರ ಬರುತ್ತಿತ್ತು. ಕಳಿಸುತ್ತೇವೆ ಎಂದಿರುತ್ತಿರಲಿಲ್ಲ, ಬಂದು ಕರೆದೊಯ್ಯಿರಿ ಎಂದೂ ಇರುತ್ತಿರಲಿಲ್ಲ. ನಾನೇ ಹೋಗಿ ಬಾಗಿಲಲ್ಲಿ ನಿಂತು, ಅವಳು ಬರುವುದಿಲ್ಲ ಎಂದುಬಿಟ್ಟರೆ? ಆಮೇಲೆ ಯಾವ ಮುಖ ಹೊತ್ತು ತಿರುಗಿ ಬರಲಿ?

ನನ್ನ ಮುಖ ಇಳಿದದ್ದನ್ನು ಮಾವಶಿ ನೋಡುತ್ತಲೇ ಇದ್ದರು. ಒಂದು ರವಿವಾರ ಮಧ್ಯಾಹ್ನ ಅಕ್ಕಿ ಹಸನು ಮಾಡುತ್ತ ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಂಡರು.

‘ಏನ್ ಮಾಸ್ತರ, ಊಟ್ ಇಲ್ಲ, ನಿದ್ದಿ ಇಲ್ಲ?’

‘ಆಕಿಗೆ ನಾ ಬ್ಯಾಡಾಗೇನ್ರಿ ಮಾವಶಿ. ಅದಕ್ಕ ಬರವಲ್ಲಳು.’

ಮೊರ ನಿಂತಿತು. ಅವರು ನೆಲ ಸವರತೊಡಗಿದರು. ‘ಆಕಿ ಮನಸಿನ್ಯಾಗ ಏನ್ ಐತಿ, ನಿನಗ ಹ್ಯಾಂಗ ಗೊತ್ತು?’ ಎಂದರು. ಸ್ವಲ್ಪ ತಡೆದು, ‘ವಿಚಾರ್’ ಎಂದರು.

ಝಳಕ್, ಊಟ್, ನಿದ್ದಿಯ ಹಾಗೆ ವಿಚಾರ್. ಉಳಿದದ್ದನ್ನು ನಾನು ಎಂದಿನಂತೆ ತುಂಬಿಕೊಂಡೆ: ಮಾಡು. ವಿಚಾರ ಮಾಡು. ಅವಳ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಚೆನ್ನಾಗಿ ವಿಚಾರ ಮಾಡು, ದುಡುಕಬೇಡ ಎಂದು ಹಿರಿಯರು ಹೇಳುತ್ತಿದ್ದಾರೆ. ನನಗೆ ಅದು ಬಹಳ ಗಂಭೀರವಾದ ಮಾತಾಗಿ ಕಂಡಿತು. ಕಾಲಿಗೆ ಬೀಳುವುದೊಂದು ಬಾಕಿ.

ಅಂದಿನಿಂದ ನಾನು ಶಿಸ್ತಾಗಿ ವಿಚಾರ ಮಾಡಲು ಕೂತೆ. ಶಾಲೆ ಬಿಟ್ಟ ಮೇಲೆ ನದಿಯ ದಂಡೆಗೆ ಹೋಗಿ ವಿಚಾರ, ಹಾದಿಯಲ್ಲಿ ವಿಚಾರ, ಮಕ್ಕಳಿಗೆ ಮಗ್ಗಿ ಹೇಳಿಸುವಾಗ ವಿಚಾರ. ಅವಳು ನನ್ನ ಜೊತೆ ಯಾಕೆ ನಗುತ್ತಿರಲಿಲ್ಲ? ಮದುವೆಯ ದಿನ ಅವಳು ಯಾಕೆ ತಲೆ ಎತ್ತಲಿಲ್ಲ? ಎಲ್ಲ ಹುಡುಗಿಯರೂ ತಲೆ ಎತ್ತುವುದಿಲ್ಲ, ಆದರೆ ಇವಳು ಬೇರೆ ಕಾರಣಕ್ಕೆ ಎತ್ತಲಿಲ್ಲವೇ? ನನ್ನ ಹಲ್ಲು ಸ್ವಲ್ಪ ಮುಂದೆ ಇದೆ, ಅದಕ್ಕೆ ಇರಬಹುದೇ? ಒಂದು ಸಲ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಾನು ಅಂದಿದ್ದೆ. ಅಂದಾಗ ಅವಳ ಮುಖ ಹೇಗಿತ್ತು? ಮೊದಲು ನೆನಪಿರಲಿಲ್ಲ, ವಿಚಾರ ಮಾಡುತ್ತ ಹೋದಂತೆ ನೆನಪಾಗತೊಡಗಿತು. ನೆನಪಾದ ಮುಖ ದಿನದಿನಕ್ಕೆ ಹೆಚ್ಚು ಸಿಟ್ಟಿನದಾಯಿತು. ಇಷ್ಟಾಗಿಯೂ ಎಲ್ಲ ಹಾದಿಗಳೂ ಕೊನೆಗೆ ಬಂದು ಸೇರುವುದು ಅಲ್ಲಿಗೇ: ಇಲ್ಲಿ ನನಗ ಯಾರೂ ಇಲ್ಲ.

ತಣ್ಣೀರು ಸ್ನಾನ ಮಾಡಿದೆ. ಯಾರೋ ಹೇಳಿದರೆಂದು ಉಸಿರು ಹಿಡಿದು ಬಿಟ್ಟು ನೋಡಿದೆ. ಒಂದು ಕೆಟ್ಟ ವಿಚಾರ ಬಂದರೆ ಎರಡು ಒಳ್ಳೆಯ ವಿಚಾರ ಮಾಡಬೇಕೆಂದು ಹೆಡ್‌ಮಾಸ್ತರರು ಅಂದರು. ಎರಡು ಒಳ್ಳೆಯದನ್ನು ಹುಡುಕಲು ಹೋಗಿ ಇನ್ನಷ್ಟು ಕೆಟ್ಟವು ಸಿಕ್ಕವು. ಆದರೂ ಬಿಡಲಿಲ್ಲ. ಮಾವಶಿಯ ಸಮಾಧಾನ ಕಣ್ಣೆದುರಿಗೇ ಇತ್ತಲ್ಲ. ಇವರೂ ಹೀಗೇ ವಿಚಾರ ಮಾಡಿ ಮಾಡಿ ಆ ದಡ ಮುಟ್ಟಿರಬೇಕು, ನನಗಿನ್ನೂ ಸಾಲದು ಎಂದುಕೊಂಡೆ.

ಶಿವರಾತ್ರಿಯ ಹೊತ್ತಿಗೆ ಮಾವಶಿ ಮತ್ತೆ ಅಂಗಳದಲ್ಲಿ ಹಿಡಿದು ನಿಲ್ಲಿಸಿದರು.

‘ಮಾಸ್ತರ, ವಿಚಾರ್ ಆತು?’

‘ಆಗೇತ್ರಿ ಮಾವಶಿ. ಅದನ್ನ ಮಾಡಾಕತ್ತೇನಿ. ಬ್ಯಾರೆ ಕೆಲಸಾನ ಇಲ್ಲ ನನಗ.’

‘ಮತ್ತ? ಏನ್ ಅಂದಳು?’

ಇವರಿಗೆ ಹೇಗೆ ಗೊತ್ತಾಯಿತು? ಜ್ವರದಲ್ಲಿ ಅವಳು ಏನೋ ಅಂದದ್ದು ಇವರಿಗೆ ಅಂದೇ ಆಚೆಯಿಂದ ಕೇಳಿಸಿರಬೇಕು. ಇನ್ನು ಮುಚ್ಚಿಡುವುದೇನು ಎಂದು ಹೇಳಿಬಿಟ್ಟೆ. ‘ಇಲ್ಲಿ ನನಗ ಯಾರೂ ಇಲ್ಲ ಅಂದಳ್ರಿ. ನನ್ನ ಇಲ್ಲಿಂದ ಕಳಸ್ರಿ ಅಂದಳು.’

ಮಾವಶಿ ನನ್ನ ಮುಖವನ್ನು ನೋಡಿದರು. ನೆಲ ಸವರಲಿಲ್ಲ. ನಿಂತಲ್ಲೇ ನಿಂತು ‘ಅಸಂ’ ಎಂದರು, ಹೀಗೋ ಎಂದು. ಅವರು ಮರಾಠಿಯಲ್ಲಿ ಮಾತಾಡಿದರೆಂದರೆ ಮನಸ್ಸಿಗೆ ತಟ್ಟಿದೆ ಎಂದೇ ಅರ್ಥ. ಅಂದಿನಿಂದ ಆ ಸುದ್ದಿ ತೆಗೆಯಲಿಲ್ಲ. ನನಗೆ ದಿನಾಲೂ ಒಂದು ಬಟ್ಟಲು ಮೊಸರು ಬರತೊಡಗಿತು. ನೀಲವ್ವನೂ ನನ್ನನ್ನು ಕಂಡರೆ ಮೆತ್ತಗೆ ಮಾತಾಡತೊಡಗಿದಳು. ಹೆಂಡತಿ ಬಿಟ್ಟುಹೋದವನನ್ನು ನೋಡುವ ಹಾಗೆ ಓಣಿ ನನ್ನನ್ನು ನೋಡುತ್ತಿತ್ತು. ಮಾವಶಿಯೇ ಕೈಬಿಟ್ಟರೆಂದ ಮೇಲೆ ಮುಗಿಯಿತು ಎಂದು ನಾನೂ ನಂಬಿದೆ. ಮೊಸರು ಮಾತ್ರ ಬಹಳ ಚೆನ್ನಾಗಿರುತ್ತಿತ್ತು.

ಮುಂದಿನ ಮಳೆಗಾಲ ಮುಗಿಯುವುದರೊಳಗೆ ಮಾವಶಿ ಹೋದರು. ಕಾಯಿಲೆ ಏನೂ ಇರಲಿಲ್ಲ. ಮಧ್ಯಾಹ್ನ ಗೋಡೆಗೆ ಒರಗಿ ಕೂತವರು ಏಳಲಿಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಓಣಿಯ ಗಂಡಸರು ಅಂಗಳದಲ್ಲಿ ಸೇರಿದ್ದರು. ಅಮ್ಮ ಸತ್ತಾಗ ನಾನು ಬಹಳ ಸಣ್ಣವನು, ಅತ್ತ ನೆನಪಿಲ್ಲ. ಅಂದು ಅತ್ತೆ.

ಅವರ ತಂಗಿ ನಂದಗಡದಿಂದ ಬಂದರು. ಅಕ್ಕನಷ್ಟೇ ಗಿಡ್ಡ, ಆದರೆ ಕನ್ನಡ ಸ್ವಚ್ಛ. ದಿನಕರ್ಮಗಳು ಮುಗಿದ ಮೇಲೆ ಒಂದು ಸಂಜೆ ಪಡಸಾಲೆಯಲ್ಲಿ ನೀಲವ್ವನೂ ಸೇರಿ ನಾಲ್ಕು ಜನ ಕೂತಿದ್ದೆವು. ಮಾವಶಿಯ ಸಮಾಧಾನದ ಮಾತು ನಾನೇ ತೆಗೆದೆ.

ತಂಗಿ ಹುಬ್ಬು ಹಾರಿಸಿದರು. ‘ಸಮಾಧಾನ? ನಮ್ಮ ಅಕ್ಕಗ? ನಂದಗಡಕ್ಕ ಬಂದ್ಲಂದ್ರ ಬೆಳತನಾ ಗೋಡಿ ಕೂಡ ಜಗಳಾ ಮಾಡಾಕಿ.’

‘ಯಾರ ಮ್ಯಾಗ್ರಿ?’

‘ಭಾವನ ಮ್ಯಾಲೆ. ಅವರು ಮುಂಬಯಿಗೆ ಹೊಂಟ ದಿನ ಯಾವಾಗ ಬರ್ತೀರಿ ಅಂತ ಕೇಳಬೇಕಂತ ಮಾಡಿದ್ಲು. ಹೊಂಟವರನ್ನ ಕೇಳಬಾರದಲ್ರಿ, ಅಪಶಕುನ. ಕೇಳ್ಲಿ‌ಲ್ಲ. ಅವರೂ ಹೇಳ್ಲಿಲ್ಲ. ಆಮ್ಯಾಲೆ ಇಡೀ ಜನ್ಮ, ಬರ್ತಾರೇನೋ, ಸತ್ತಾರೇನೋ, ಮತ್ತೊಬ್ಬಾಕಿ ಆಗ್ಯಾಳೇನೋ. ಅದಕ್ಕ ಯಾರರ ಬಂದು ಹಿಂಗ ಅನಸ್ತೈತಿ, ಹಂಗ ಅನಸ್ತೈತಿ ಅಂದ್ರ ಸಾಕು, ವಿಚಾರ್ ಅನ್ನಾಕಿ.’

‘ನನಗೂ ಅಂದಿದ್ರು’ ಎಂದೆ. ‘ವಿಚಾರ ಮಾಡು ಅಂತ.’

‘ಮಾಡು ಅಲ್ರಿ ಮಾಸ್ತರ. ವಿಚಾರ್ ಅಂದ್ರ ಕೇಳು. ನಮ್ಮ ಮಾತಿನ್ಯಾಗ, ಹೋಗಿ ಅವರನ್ನ ಕೇಳು ಅಂತ.’

ಪಕ್ಕದ ಮರಾಠಿ ಶಾಲೆಯ ಮಾಸ್ತರರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಆ ಶಬ್ದ ಕೇಳಿದ್ದೇನೋ. ಗುರುಜೀನಾ ವಿಚಾರ್, ಗುರುಗಳನ್ನು ಕೇಳು ಎಂದು. ನನಗೆ ಅರ್ಥ ಗೊತ್ತಿತ್ತು. ಮಾವಶಿ ಕನ್ನಡ ಮಾತಾಡುತ್ತಿದ್ದಾರೆ ಎಂದು ನಂಬಿದ್ದೊಂದೇ ತಪ್ಪು. ‘ಏನ್ ಅಂದಳು?’ ಎಂದು ಅವರು ಕೇಳಿದ್ದು ಈಗ ಬೇರೆಯೇ ಆಗಿ ಕೇಳಿಸಿತು. ನಾನು ಶಹಾಪುರಕ್ಕೆ ಹೋಗಿ ಕೇಳಿ ಬಂದಿದ್ದೇನೆ, ಅವಳು ನನ್ನ ಮುಖಕ್ಕೇ ಹಾಗೆ ಹೇಳಿ ಕಳಿಸಿದ್ದಾಳೆ ಎಂದು ತಿಳಿದು ಅವರು ಮೊಸರು ಕಳಿಸಿದ್ದರು.

ಆದರೆ ನೀಲವ್ವ ಒಪ್ಪಲಿಲ್ಲ. ‘ಅಲ್ಲ ಬಿಡ್ರಿ. ನನಗ ಅಂದದ್ದು ವಿಚಾರ ಮಾಡು ಅಂತನ. ಸೊಸಿ ಮ್ಯಾಗ ಸಿಟ್ಟ ಬಂದಾಗ ಅಂದ್ಲು. ನಾ ಕುಂತು ವಿಚಾರ ಮಾಡಿದೆ, ಆಕೀದೂ ಏನ್ ತಪ್ಪೈತಿ ಅನಿಸ್ತು, ಮನಸ ತಣ್ಣಗಾತು. ಮಾವಶಿ ಹೋಗಿ ಜಗಳಾ ತಗಿ ಅಂತಾಳೇನು?’

‘ಮಾಡು ಅಂದಿದ್ಲೇನು?’ ಎಂದರು ತಂಗಿ.

ನೀಲವ್ವ ತಲೆ ಅಲ್ಲಾಡಿಸಿದಳು. ‘ಮಾಡು ಅನ್ನಾಕಿ ಅಲ್ಲ ಆಕಿ. ನಾವ ತಿಳಕೋಬೇಕು.’

ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ಒಬ್ಬಳಿಗೆ ವಿಚಾರ ಮಾಡಿ ಮನಸ್ಸು ತಣ್ಣಗಾಗಿದೆ. ನನಗೆ ಅದೇ ಮಾಡಿ ಹುಚ್ಚು ಹಿಡಿಯುವುದೊಂದು ಉಳಿದಿದೆ. ಮಾವಶಿ ಒಬ್ಬೊಬ್ಬರಿಗೆ ಒಂದೊಂದು ಭಾಷೆಯಲ್ಲಿ ಹೇಳುತ್ತಿದ್ದರೋ, ಎಲ್ಲರಿಗೂ ಒಂದನ್ನೇ ಹೇಳುತ್ತಿದ್ದರೋ? ತಂಗಿಯ ಮಾತೇ ಖರೆ ಇರಬೇಕು, ಆದರೆ ತಂಗಿಯೂ ಅಕ್ಕನನ್ನು ಎಂದೂ ಕೇಳಿದವರಲ್ಲ, ತಿಳಿದುಕೊಂಡವರೇ. ನನಗೆ ಗೊತ್ತಾದದ್ದು ಇಷ್ಟೇ: ಇನ್ನು ಈ ಮನೆಯಲ್ಲಿ ಯಾರನ್ನೂ ಕೇಳುವಂತಿಲ್ಲ. ಕೇಳಬಹುದಾದ ಒಬ್ಬಳು ಶಹಾಪುರದಲ್ಲಿದ್ದಾಳೆ.

ಮರುದಿನ ಬೆಳಗಿನ ಗಾಡಿಗೆ ಹೊರಟೆ. ಬೆಳಗಾವಿಯಲ್ಲಿ ಇಳಿದು ಶಹಾಪುರದವರೆಗೆ ನಡೆದೇ ಹೋದೆ. ಟಾಂಗಾದವನು ಕರೆದರೂ ಹತ್ತಲಿಲ್ಲ, ಬೇಗ ಮುಟ್ಟುವ ಧೈರ್ಯವಿರಲಿಲ್ಲ. ಓಣಿ ತುಂಬ ಮಗ್ಗದ ಸದ್ದು. ಮಾವನವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ನನ್ನನ್ನು ನೋಡಿ ಕಾಲು ನಿಲ್ಲಿಸಿದರು. ‘ಬರ್ರಿ, ಕುಂದರ್ರಿ’ ಎಂದರು. ಹಿರಿಯರು ಯಾರೂ ಬಂದಿಲ್ಲವೇ ಎಂದು ನನ್ನ ಹಿಂದೆ ಬಾಗಿಲ ಕಡೆ ಒಮ್ಮೆ ನೋಡಿದರು. ‘ಯಾರೂ ಇಲ್ರಿ. ನಾನೊಬ್ಬನ ಬಂದೇನಿ. ಆಕೀನ್ನ ಒಂದ ಮಾತ ಕೇಳಬೇಕಾಗಿತ್ತು’ ಎಂದೆ. ಅವರು ಒಳಗೆ ಕೂಗಿ, ತಾವು ಮತ್ತೆ ನೇಯತೊಡಗಿದರು. ನಾವು ಆಡುವ ಮಾತು ಹೊರಗೆ ಕೇಳಿಸದಿರಲಿ ಎಂದು ಸ್ವಲ್ಪ ಜೋರಾಗಿಯೇ ನೇಯುತ್ತಿದ್ದರು ಎಂದು ನನ್ನ ಅನುಮಾನ.

ಅವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮೈ ತುಂಬಿತ್ತು, ಬಣ್ಣ ಬಂದಿತ್ತು. ನನಗೆ ಮೊದಲು ಮಾವಶಿಯ ಸುದ್ದಿ ಹೇಳಬೇಕಾಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

‘ನಾ ಬರೂ ದಿನ ನನಗೂ ಅಂದಿದ್ರು’ ಎಂದಳು. ‘ವಿಚಾರ್ ಅಂತ. ಏನ್ ವಿಚಾರ ಮಾಡ್ಲಿ ಅಂತ ಕೇಳೂದ್ರಾಗ ನಮ್ಮಣ್ಣ ಗಾಡಿಗೆ ಹೊತ್ತಾತು ಅಂದ. ಒಂದ ವರ್ಷ ಅದನ್ನ ಮಾಡಾಕತ್ತೇನಿ.’

ಅದು ಮಾಡುವುದಲ್ಲವಂತೆ, ಕೇಳುವುದಂತೆ ಎಂದು ನಾನು ವಿವರಿಸಿದೆ. ನಡುವೆ ನೀಲವ್ವನ ಮಾತನ್ನೂ ಹೇಳಲು ಹೋಗಿ ಎಲ್ಲ ಗೋಜಲಾಯಿತು. ಅವಳು ಪೂರ್ತಿ ಕೇಳಿ, ‘ಹಂಗಾದ್ರ ಕೇಳ್ರಿ’ ಎಂದಳು.

ಕೇಳಿದೆ. ಜ್ವರದಲ್ಲಿ ಯಾಕೆ ಹಾಗೆ ಅಂದೆ ಎಂದು, ಅಂದ ಮಾತನ್ನೂ ಹೇಳಿ ಕೇಳಿದೆ.

ಅವಳಿಗೆ ನೆನಪಿರಲಿಲ್ಲ. ಬಹಳ ವಿಚಾರ ಮಾಡಿ ನೋಡಿದಳು. ‘ಎಲ್ಲಿದ್ದೀನಿ ಅಂತಾನ ಗೊತ್ತಿರಲಿಲ್ಲ ನನಗ. ಇಲ್ಲಿ ಅಂದ್ರ ಯಾವ ಇಲ್ಲಿನೋ.’ ಅಷ್ಟೇ. ವರ್ಷವಿಡೀ ನನ್ನನ್ನು ತಿಂದ ಮಾತಿಗೆ ಅವಳ ಬಳಿ ಅಷ್ಟೇ ಉತ್ತರವಿತ್ತು. ಅದು ನನ್ನ ಬಗೆಗಿನ ಮಾತೋ ಅಲ್ಲವೋ ಅವಳಿಗೂ ಗೊತ್ತಿಲ್ಲ ಎಂದ ಮೇಲೆ ನಾನು ಯಾರನ್ನು ಬೈಯಲಿ?

‘ಈಗ ನಾ ಕೇಳ್ತೀನಿ’ ಎಂದಳು. ‘ಟೇಶನ್ನಿಗೆ ಬಿಡಾಕ ಬಂದ್ರಿ. ಗಾಡಿ ಬಿಡೂ ಮೊದಲ ತಿರಗಿ ಹೋದ್ರಿ. ಒಮ್ಮೆ ಸುದ್ದಾ ಹಿಂದ ನೋಡ್ಲಿಲ್ಲ. ಪೀಡಾ ಹೋತು ಅಂತ ಹೋದ್ರೇನು?’

‘ಅಳು ಬಂದಿತ್ತು’ ಎಂದೆ. ‘ನಿಮ್ಮಣ್ಣ ನೋಡ್ತಾನಂತ ಹೋದೆ.’

‘ಇಷ್ಟೇ ಏನು?’

‘ಇಷ್ಟೇ.’

ಅವಳು ಸೆರಗನ್ನು ಮುಖದ ತುಂಬ ಎಳೆದುಕೊಂಡಳು. ಭುಜ ಅಲ್ಲಾಡುತ್ತಿತ್ತು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ವಿಚಾರ ಮಾಡುತ್ತ ನಿಲ್ಲಲಿಲ್ಲ. ಕೇಳಿದೆ.